ಮನ್ರೋ ಸಾಹೇಬನೂ ಮರಳಿನ ಅಕ್ಷರವೂ

ಬಳ್ಳಾರಿಯ ಸೀಮೆಯಲ್ಲಿ ಸರ್ ಥಾಮಸ್ ಮನ್ರೋ ಎಂಬ ಹೆಸರನ್ನು ಅರಿಯದ ಹಿರಿಯರು ವಿರಳ. ಹೊಲಗಳ ಅಳತೆ, ರೈತವಾರಿ ಕಂದಾಯ, ಪಾಳೆಯಗಾರರ ದಮನ, ಮಂತ್ರಾಲಯದ ಬೃಂದಾವನದ ಮುಂದೆ ನಡೆಯಿತೆಂದು ಹೇಳುವ ಐತಿಹ್ಯ, ಇವುಗಳೊಡನೆ ಆ ಹೆಸರು ಬೆಸೆದುಕೊಂಡುಬಿಟ್ಟಿದೆ. ಆದರೆ ಕಂದಾಯದ ಅಧಿಕಾರಿಯೆಂದು ನಾವು ನೆನೆಯುವ ಈ ಮನುಷ್ಯನು ತನ್ನ ಬಾಳಿನ ಕಡೆಯ ಐದಾರು ವರ್ಷಗಳಲ್ಲಿ ಬೇರೊಂದು ಬಗೆಯ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿದ್ದನು. ಐದು ವರ್ಷದ ಹಸುಳೆಗೆ ಮೊದಲ ಅಕ್ಷರವನ್ನು ಕಲಿಸುವವನು ಯಾರು? ಯಾವ ಉಪಕರಣವನ್ನು ಮುಂದಿಟ್ಟುಕೊಂಡು ಕಲಿಸುತ್ತಾನೆ? ಆ ಕೆಲಸಕ್ಕೆ ಅವನಿಗೆ ದೊರೆಯುವುದೆಷ್ಟು? ಮುಂದೆ ಉಪಾಧ್ಯಾಯನಾಗುವವನನ್ನು ಸಿದ್ಧಪಡಿಸುವ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲೆಲ್ಲ ತುಂಬು ವಿವರವುಳ್ಳದ್ದು ನಮ್ಮ ಬಳ್ಳಾರಿಯಿಂದಲೇ ಹೋಯಿತೆಂಬುದು ಈ ಭಾಗದವರಿಗೆ ತಿಳಿದಿರಬೇಕಾದ ಸಂಗತಿ.

ಮನ್ರೋ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, 1761ರ ಮೇ 27ರಂದು. ತಂದೆ ಅಮೆರಿಕದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡೆಸುತ್ತಿದ್ದ ವರ್ತಕ. ಅಮೆರಿಕದ ಸ್ವಾತಂತ್ರ್ಯ ಸಮರವು ಆ ವ್ಯಾಪಾರವನ್ನು ಮುರಿಯಿತು. ಮನೆತನ ಬಡತನಕ್ಕೆ ಬಿತ್ತು. ಮಗನಿಗೆ ಕಂಪನಿಯ ಸೈನ್ಯವಲ್ಲದೆ ಬೇರೆ ದಾರಿ ಉಳಿಯಲಿಲ್ಲ. 1780ರ ಜನವರಿಯಲ್ಲಿ ಅವನು ಮದರಾಸಿನ ತೀರದಲ್ಲಿ ಇಳಿದನು. ಅದೇ ವರ್ಷ ಹೈದರಾಲಿಯು ಕರ್ನಾಟಕ ಪ್ರಾಂತದ ಮೇಲೆ ಏರಿಬಂದು, ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಳವನ್ನು ನುಚ್ಚುನೂರು ಮಾಡಿದಾಗ, ಈ ಹೊಸ ಕೆಡೆಟ್ ಸಮೀಪದ ಮುಖ್ಯ ಸೈನ್ಯದಲ್ಲಿದ್ದನು. ಯೌವನದಿಂದಲೂ ಕಿವಿ ಸ್ವಲ್ಪ ಮಂದ. ಆದರೂ ಭಾಷೆಗಳ ಮೇಲೆ ಹುಚ್ಚು ಪ್ರೀತಿ. ಪಾರಸಿ ಕಲಿತನು, ಒಂದು ಪಾರಸಿ ಹಸ್ತಪ್ರತಿಯಿಂದ ಅವನು ಅನುವಾದಿಸಿದ ಕತೆಯೊಂದು ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನ ಕಥಾವಸ್ತುವನ್ನು ಹೋಲುತ್ತಿದ್ದುದರಿಂದ ಇಂಗ್ಲೆಂಡಿನ ವಿದ್ವಾಂಸರ ಕಣ್ಣಿಗೂ ಬಿದ್ದಿತು. ಡಾನ್ ಕ್ವಿಕ್ಸೋಟನನ್ನು ಮೂಲದಲ್ಲೇ ಓದಬೇಕೆಂದು ಸ್ಪ್ಯಾನಿಷ್ ಭಾಷೆಯನ್ನು ತಾನಾಗಿಯೇ ಕಲಿತವನು ಅವನು. ಇಂಥವನು ಮುಂದೆ ಮಕ್ಕಳ ಮಗ್ಗಿಯ ವಿಷಯದಲ್ಲಿ ಆಸಕ್ತಿ ತಳೆದುದು ಆಶ್ಚರ್ಯವೇನಲ್ಲ.

1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡನ ಕೈಕೆಳಗೆ ಕಂದಾಯದ ಕೆಲಸ. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಜಿಲ್ಲೆ. ಮಳೆಯ ಆ ನಾಡು ಅವನಿಗೆ ಹಿಡಿಸಲಿಲ್ಲ. 1800ರ ಅಕ್ಟೋಬರಿನಲ್ಲಿ ನಿಜಾಮನು ತನ್ನ ಪಾಲಿನ ಸೀಮೆಗಳನ್ನು ಕಂಪನಿಗೆ ದತ್ತಮಂಡಲಗಳೆಂದು ಬಿಟ್ಟುಕೊಟ್ಟಾಗ ಮನ್ರೋ ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದನು. ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳೆಲ್ಲ ಒಂದೇ ಅಧಿಕಾರದಡಿ. ಸುಮಾರು 80 ಮಂದಿ ಪಾಳೆಯಗಾರರು, ಬರಗಾಲದಿಂದ ಬಳಲಿದ ಎರೆಯ ಹೊಲಗಳು, ಲೆಕ್ಕವಿಲ್ಲದ ಕಂದಾಯ. ಮನ್ರೋ ಏಳು ವರ್ಷ ಬಹುಮಟ್ಟಿಗೆ ಡೇರೆಯಲ್ಲೇ ವಾಸಿಸಿ, ಹಳ್ಳಿಯಿಂದ ಹಳ್ಳಿಗೆ ಕುದುರೆಯ ಮೇಲೆ ಸಂಚರಿಸಿದನು. 1802ರಲ್ಲಿ ತೊಡಗಿ ಸುಮಾರು ಐದು ವರ್ಷ ಹೊಲಹೊಲದ ಅಳತೆ ನಡೆಯಿತು. ಆದರೆ ಅಳೆದು ಕಟ್ಟಿದ ಕಂದಾಯವು ರೈತನಿಗೆ ಭಾರವಾಯಿತೆಂದು ಅವನೇ ಕಂಡುಕೊಂಡನು. 1807ರಲ್ಲಿ ನಾಲ್ಕನೆಯ ಒಂದು ಪಾಲನ್ನು ಇಳಿಸಬೇಕೆಂದು ಶಿಫಾರಸು ಮಾಡಿದನು. ಮೇಲಿನವರು ಒಪ್ಪಲಿಲ್ಲ. ಅದನ್ನು ನಡೆಸಲು ಅವನೇ ಗವರ್ನರನಾಗಿ ಬರಬೇಕಾಯಿತು.

ಅವನ ಜೀವನದ ಮುಂದಿನ ಭಾಗವನ್ನು ಇಲ್ಲಿ ಬೇಗನೆ ದಾಟಬಹುದು. 1807ರಲ್ಲಿ ಸ್ವದೇಶಕ್ಕೆ ಮರಳಿದನು; 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಎಂಬಾಕೆಯನ್ನು ವರಿಸಿ, ನ್ಯಾಯಪದ್ಧತಿಯ ಸುಧಾರಣೆಗಾಗಿ ನೇಮಕವಾದ ಮಂಡಲಿಯ ಮುಖ್ಯಸ್ಥನಾಗಿ ಮತ್ತೆ ಬಂದನು; ಮರಾಠರೊಡನೆ ನಡೆದ ಕಡೆಯ ಯುದ್ಧದಲ್ಲಿ ಸೇನಾನಿಯಾದನು; 1820ರಲ್ಲಿ ಮದರಾಸಿನ ಗವರ್ನರನಾದನು.

ನಮಗೆ ಬೇಕಾದ ಕತೆ ಇಲ್ಲಿಂದ ಆರಂಭವಾಗುತ್ತದೆ. 1822ರ ಜೂನ್ 25ರಂದು ಮನ್ರೋ ಒಂದು ಟಿಪ್ಪಣಿಯನ್ನು ಬರೆದನು. ನಾಡಿನ ನಕಾಶೆಗಳನ್ನು ಬರೆಸಿದ್ದೇವೆ, ಬೆಳೆಯನ್ನೂ ಜನಸಂಖ್ಯೆಯನ್ನೂ ಎಣಿಸಿದ್ದೇವೆ. ಆದರೆ ಜನರ ವಿದ್ಯಾಭ್ಯಾಸ ಹೇಗಿದೆಯೆಂದು ಯಾರೂ ವಿಚಾರಿಸಿಲ್ಲ ಎಂಬುದು ಅದರ ತಿರುಳು. ಪ್ರತಿಯೊಂದು ಜಿಲ್ಲೆಯಲ್ಲಿ ಓದುಬರಹ ಕಲಿಸುವ ಶಾಲೆಗಳೆಷ್ಟು, ಯಾವ ಯಾವ ಜಾತಿಯ ಮಕ್ಕಳೆಷ್ಟು, ಯಾವ ಪುಸ್ತಕಗಳು, ಎಷ್ಟು ಹೊತ್ತು, ಎಷ್ಟು ಶುಲ್ಕ ಎಂದು ಕಲೆಕ್ಟರುಗಳಿಂದ ವಿವರ ತರಿಸಬೇಕೆಂದು ಅಪ್ಪಣೆಯಾಯಿತು. ಊರವರ ಶಾಲೆಗಳಲ್ಲಿ ಸರ್ಕಾರವು ಕೈಹಾಕಬಾರದು, ಅವರ ಶಾಲೆಯನ್ನು ಅವರ ರೀತಿಯಲ್ಲೇ ನಡೆಸಿಕೊಳ್ಳಲು ಬಿಡಬೇಕು ಎಂಬ ಎಚ್ಚರಿಕೆಯನ್ನೂ ಅವನು ಸೇರಿಸಿದನು. ಅಧಿಕಾರ ಕೈಯಲ್ಲಿದ್ದವರಿಂದ ಇಂಥ ಮಾತು ಅಂದು ಹೊರಟಿದ್ದೇ ದೊಡ್ಡದು.

ಉತ್ತರಗಳು ಬರಲು ಮೂರು ವರ್ಷ ಹಿಡಿಯಿತು. ಕೆಲವು ಕಲೆಕ್ಟರುಗಳು ಅಂಕಿಗಳ ಪಟ್ಟಿಯನ್ನು ಮಾತ್ರ ಕಳುಹಿಸಿ ಕೈತೊಳೆದುಕೊಂಡರು. ಕೆನರಾ ಜಿಲ್ಲೆಯ ಅಧಿಕಾರಿಯಂತೂ, ಅಲ್ಲಿ ವಿದ್ಯೆ ಮನೆಗಳಲ್ಲಿ ಖಾಸಗಿಯಾಗಿ ನಡೆಯುವುದೆಂಬ ಕಾರಣದಿಂದ ಪಟ್ಟಿಯನ್ನೇ ಕೊಡಲಿಲ್ಲ. ಬಳ್ಳಾರಿಯಲ್ಲಿ ಆಗ ಕಲೆಕ್ಟರನಾಗಿದ್ದವನು ಅಲೆಕ್ಸಾಂಡರ್ ಡಂಕನ್ ಕ್ಯಾಂಪ್‌ಬೆಲ್. ಇವನು ಬರಿಯ ಕಂದಾಯದವನಲ್ಲ. 1816ರಲ್ಲಿ ತೆಲುಗು ವ್ಯಾಕರಣವನ್ನೂ ತರುವಾಯ ಒಂದು ತೆಲುಗು ನಿಘಂಟನ್ನೂ ಪ್ರಕಟಿಸಿದ ಪಂಡಿತ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಒಂದು ಕುಲಕ್ಕೆ ಸೇರಿದವು ಎಂದು ಎಲ್ಲಿಸ್ ಎಂಬ ವಿದ್ವಾಂಸನು ಮೊದಲು ಸಾಧಿಸಿದ್ದು ಆ ವ್ಯಾಕರಣದ ಪೀಠಿಕೆಯಲ್ಲೇ. 1823ರ ಆಗಸ್ಟ್ 17ರಂದು ಕ್ಯಾಂಪ್‌ಬೆಲ್ ಬಳ್ಳಾರಿಯಿಂದ ಕಳುಹಿಸಿದ ವರದಿಯು ಅಂಕಿಗಳ ಪಟ್ಟಿಯಾಗಿ ನಿಲ್ಲದೆ, ಒಂದು ಹಳೆಯ ಮಠದ ಜಗಲಿಯ ಮೇಲೆ ನಮ್ಮನ್ನು ಕುಳ್ಳಿರಿಸಿಬಿಡುತ್ತದೆ.

ಮೊದಲು ಅಂಕಿಗಳು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನ ಅನಂತಪುರದ ಭಾಗವನ್ನೂ ಒಳಗೊಂಡಿತ್ತು, ಜನಸಂಖ್ಯೆ 9,27,857. ಶಾಲೆಗಳು 533, ಮಕ್ಕಳು 6,641. ಎಂದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಸಂಸ್ಕೃತದಲ್ಲಿ ಶಾಸ್ತ್ರ ಹೇಳುವ ಬ್ರಾಹ್ಮಣರ ಶಾಲೆಗಳು 23. ಒಂದೇ ಜಿಲ್ಲೆಯಲ್ಲಿ ಏಳು ಬಗೆಯ ಅಕ್ಷರಾಭ್ಯಾಸ! ಇಂದಿಗೂ ಸಿರುಗುಪ್ಪದ ಪೇಟೆಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುವುದನ್ನು ಬಲ್ಲವರಿಗೆ ಈ ಪಟ್ಟಿ ಹೊಸತೆನಿಸದು.

ಈ ಅಂಕಿಗಳ ಇನ್ನೊಂದು ಮುಖವನ್ನೂ ನೋಡಬೇಕು. 6,641ರಲ್ಲಿ ಹೆಣ್ಣುಮಕ್ಕಳು ಕೇವಲ 60. ಮುಸಲ್ಮಾನ ಹುಡುಗರು 243. ಶೂದ್ರರೆಂದು ಬರೆದ ಅಂಕಣದಲ್ಲಿ 2,998, ಬ್ರಾಹ್ಮಣರ ಅಂಕಣದಲ್ಲಿ 1,185, ವೈಶ್ಯರದರಲ್ಲಿ 981, ಇತರ ಜಾತಿಗಳೆಂಬುದರಲ್ಲಿ 1,174. ಈ ದಾಖಲೆಗಳನ್ನು ಧರ್ಮಪಾಲರು 1983ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಮೇಲೆ, ಹಳೆಯ ಭಾರತದಲ್ಲಿ ಎಲ್ಲರೂ ಓದುತ್ತಿದ್ದರೆಂದು ಹಿಗ್ಗುವವರೂ ಹುಟ್ಟಿಕೊಂಡರು, ಯಾರೂ ಓದುತ್ತಿರಲಿಲ್ಲವೆಂದು ಜರೆಯುವವರೂ ಉಳಿದರು. ಬಳ್ಳಾರಿಯ ಪಟ್ಟಿ ಈ ಇಬ್ಬರಿಗೂ ಅನುಕೂಲವಾಗಿಲ್ಲ. ಬ್ರಾಹ್ಮಣೇತರ ಹುಡುಗರೇ ಶಾಲೆಯಲ್ಲಿ ಅಧಿಕ ಸಂಖ್ಯೆಯಲ್ಲಿದ್ದರೆಂಬುದು ದಿಟ. ಹತ್ತು ಲಕ್ಷಕ್ಕೆ ಸಮೀಪವಾದ ಜನರಲ್ಲಿ ಏಳು ಸಾವಿರ ಮಕ್ಕಳು ಕೂಡ ಮಠದ ಮೆಟ್ಟಿಲು ಹತ್ತಿರಲಿಲ್ಲವೆಂಬುದೂ ಅಷ್ಟೇ ದಿಟ.

ಇನ್ನು ಜಗಲಿಯ ಮೇಲಿನ ನೋಟ. ಮಗುವಿಗೆ ಐದು ತುಂಬಿದಾಗ ಶುಭದಿನ ನೋಡಿ ಅಕ್ಷರಾಭ್ಯಾಸ. ಐಗಳು ತಮ್ಮ ಶಿಷ್ಯರೊಡನೆ ಮನೆಗೆ ಬರುತ್ತಾರೆ, ಗಣಪತಿಯ ಪೂಜೆಯಾಗುತ್ತದೆ, ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ದೇವರ ನಾಮವನ್ನು ಬರೆಸುತ್ತಾರೆ. ಮರುದಿನದಿಂದ ಮಠ. ಬೆಳಿಗ್ಗೆ ಆರಕ್ಕೆ ಆರಂಭ. ಒಂಬತ್ತರ ಸುಮಾರಿಗೆ ತಿಂಡಿಗೆ ಬಿಡುವು. ಹನ್ನೊಂದಕ್ಕೆ ಮತ್ತೆ ಪಾಠ. ಎರಡು ಮೂರರ ವೇಳೆಗೆ ಊಟ. ನಾಲ್ಕರಿಂದ ದೀಪ ಹಚ್ಚುವ ಹೊತ್ತಿನವರೆಗೆ ಪುನಃ ಪಾಠ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದು ಗೌರವಿಸುವುದು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಹಗುರ ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರಿಕೆ. ಹನ್ನೆರಡು ಹುಡುಗರ ಮಠದಲ್ಲಿ ಕಡೆಯವನ ಪಾಡೇನೆಂದು ವಾಚಕರೇ ಲೆಕ್ಕ ಹಾಕಬಹುದು. ಸೋಮಾರಿಗಳ ಕೈಗಳನ್ನು ಹಗ್ಗಕ್ಕೆ ಕಟ್ಟಿ ಮಾಡಿನಿಂದ ತೂಗಿಬಿಡುವ ಕೋದಂಡವನ್ನೂ, ಬಿಡುವಿಲ್ಲದೆ ಬಸ್ಕಿ ಹೊಡೆಸುವುದನ್ನೂ ಕ್ಯಾಂಪ್‌ಬೆಲ್ ಮರೆಮಾಚದೆ ದಾಖಲಿಸಿದ್ದಾನೆ. ಹಳೆಯ ಮಠವನ್ನು ಬರಿಯ ಆದರ್ಶವೆಂದು ಚಿತ್ರಿಸುವ ಪುಸ್ತಕಗಳಲ್ಲಿ ಈ ಹಗ್ಗ ಕಾಣಿಸುವುದು ಅಪರೂಪ.

ವರದಿಯ ಅತ್ಯಂತ ಸ್ವಾರಸ್ಯದ ಭಾಗವೆಂದರೆ ಕಲಿಕೆಯ ಉಪಕರಣಗಳ ವರ್ಣನೆ. ಮಗು ಮೊದಲು ಅಕ್ಷರದ ಹೆಸರನ್ನು ಉರುಹಾಕಿ ಅನಂತರ ಬರೆಯುವುದಿಲ್ಲ. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತ ತಿದ್ದುತ್ತಲೇ ಅಕ್ಷರವನ್ನು ಅರಿಯುತ್ತದೆ. ಯೂರೋಪಿನಲ್ಲಿ ಆಗ ನಡೆಯುತ್ತಿದ್ದುದು ಇದಕ್ಕೆ ವಿರುದ್ಧ. ಅಲ್ಲಿ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಈ ವ್ಯತ್ಯಾಸವನ್ನು ಕಂಡುಹಿಡಿದುದರಲ್ಲಿ ಕ್ಯಾಂಪ್‌ಬೆಲ್‌ನ ಸೂಕ್ಷ್ಮದೃಷ್ಟಿ ಕಾಣುತ್ತದೆ. ಬೆರಳು ಪಳಗಿದ ಮೇಲೆ ಮಗುವಿಗೆ ಬಡ್ತಿ. ಕಂಠದಿಂದ ಓಲೆಗರಿಯ ಮೇಲೆ ಬರೆಯಬಹುದು, ಲೆಕ್ಕಣಿಕೆಯಿಂದ ಕಾಗದದ ಮೇಲೆ ಬರೆಯಬಹುದು. ಆದರೆ ಬಳ್ಳಾರಿಯ ಕಡೆ ಹೆಚ್ಚು ಬಳಕೆಯಲ್ಲಿದ್ದವು ಹಲಗೆ ಮತ್ತು ಕಡತ.

ಹಲಗೆಯೆಂದರೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ಅದನ್ನು ಹತ್ತರಿ ಹಿಡಿದು ನುಣುಪು ಮಾಡಿ, ಅನ್ನದೊಡನೆ ಇದ್ದಿಲ ಪುಡಿಯನ್ನು ಕಲಸಿ ಬಳಿದರೆ ಕೆಲಸಕ್ಕೆ ಸಿದ್ಧ. ಕಡತವೆಂದರೆ ಬಟ್ಟೆ; ಗಂಜಿಯಲ್ಲಿ ಅದ್ದಿ ಗಡುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಿಲನ್ನೂ ಕೆಲವು ಅಂಟುಗಳನ್ನೂ ಸೇರಿಸಿದ ಲೇಪವನ್ನು ಹಚ್ಚಿದ್ದು. ಬರೆಯುವ ಸಾಧನ ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಅಳಿಯುತ್ತದೆ, ಹಲಗೆ ಮತ್ತೆ ಹೊಸದಾಗುತ್ತದೆ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ, ತಪ್ಪು ಮಾಡಿ ಅಳಿಸಿ ಮತ್ತೆ ಬರೆಯುವ ಸ್ವಾತಂತ್ರ್ಯವನ್ನು ಬಡವನ ಮಗುವಿಗೂ ಕೊಟ್ಟ ತಂತ್ರವಿದು. ತಂತ್ರಜ್ಞಾನವೆಂಬ ಶಬ್ದವನ್ನು ವಿದ್ಯುತ್ತಿಗೂ ಗಾಜಿನ ಪರದೆಗೂ ಮಾತ್ರ ಮೀಸಲಿಡುವುದು ಈಗ ರೂಢಿಯಾಗಿದೆ. ಮನೆಯ ಗಂಜಿ, ಒಲೆಯ ಇದ್ದಿಲು, ಊರಿನ ಬಡಗಿಯ ಹಲಗೆ ಇವುಗಳಿಂದ ಸಿದ್ಧವಾಗಿ, ಕೆಟ್ಟರೆ ಐಗಳೇ ಅರ್ಧ ಗಳಿಗೆಯಲ್ಲಿ ಸರಿಪಡಿಸಬಹುದಾಗಿದ್ದ ಕಡತಕ್ಕೆ ಆ ಹೆಸರನ್ನು ನಿರಾಕರಿಸಲು ಕಾರಣವಂತೂ ಕಾಣದು.

ಅಕ್ಷರದ ಬಳಿಕ ಕಾಗುಣಿತ, ಒತ್ತಕ್ಷರ; ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು. ಕುರುಗೋಡಿನ ಮಠವೊಂದರಲ್ಲಿ ಹುಡುಗನು ಮೊದಲು ಬರೆದ ಊರಿನ ಹೆಸರು ಕುರುಗೋಡೇ ಆಗಿದ್ದಿರಬೇಕು ಎಂದು ಊಹಿಸಿದರೆ ತಪ್ಪಿಲ್ಲ. ಆನಂತರ ಮಗ್ಗಿ, ಕೂಡುವುದು, ಕಳೆಯುವುದು, ನಾಣ್ಯ ಮತ್ತು ಅಳತೆಗಳ ಲೆಕ್ಕ. ಭಿನ್ನರಾಶಿಗಳಿಗೆ ವಿಶೇಷ ಗಮನ. ಅವು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ, ಕಾಲು ವೀಸಗಳ ಕ್ರಮದಲ್ಲಿ ಇಳಿಯುತ್ತಿದ್ದವು. ದಿನಕ್ಕೆರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿದಂತೆ ಅವನ್ನೆಲ್ಲ ಒಕ್ಕೊರಲಿನಿಂದ ಒಪ್ಪಿಸಬೇಕು. ಮೇಲಿನ ತರಗತಿಯವರಿಗೆ ರಾಮಾಯಣ, ಭಾರತ, ಭಾಗವತ, ವೀರಶೈವರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ, ವ್ಯಾಕರಣದಲ್ಲಿ ಶಬ್ದಮಣಿದರ್ಪಣ. ಹರಿಹರ ರಾಘವಾಂಕರು ಪಂಪಾಕ್ಷೇತ್ರದ ನೆರಳಿನಲ್ಲಿ ಬಾಳಿದ ಕವಿಗಳು. ಅವರ ಕಾವ್ಯ ಆರು ಶತಮಾನಗಳ ಅನಂತರವೂ ಅದೇ ಸೀಮೆಯ ಮಠಗಳಲ್ಲಿ ಬಾಲಕರ ಬಾಯಲ್ಲಿತ್ತೆಂಬುದನ್ನು ಒಬ್ಬ ಇಂಗ್ಲಿಷ್ ಕಲೆಕ್ಟರನ ಕಾಗದದಿಂದ ತಿಳಿಯಬೇಕಾಗಿದೆ.

ಈ ಮಠಗಳಲ್ಲಿ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ಹಂಚುತ್ತಿದ್ದರು. ಮೇಲಿನವರನ್ನು ಐಗಳೇ ನೋಡಿಕೊಳ್ಳುವರು; ಕೆಳಗಿನವರಿಗೆ ಹಿರಿಯ ವಿದ್ಯಾರ್ಥಿಗಳೇ ಗುರು. ಕಲಿಯುತ್ತಿರುವವನೇ ಕಲಿಸುವವನಾಗುವ ಈ ಪದ್ಧತಿಗೆ ಒಂದು ವಿಚಿತ್ರ ಚರಿತ್ರೆಯುಂಟು. 1789ರಲ್ಲಿ ಮದರಾಸಿನ ಸೈನಿಕರ ಅನಾಥ ಮಕ್ಕಳ ಶಾಲೆಯ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲೂ ಮರಳನ್ನು ಹರಡಿಸಿದನು. ಅವನ ಕೈಕೆಳಗಿನ ಉಪಾಧ್ಯಾಯರು ಈ ಹೊಸ ರೀತಿಗೆ ಒಗ್ಗದಿದ್ದಾಗ ಎಂಟು ವರ್ಷದ ಒಬ್ಬ ಹುಡುಗನನ್ನೇ ಕಿರಿಯರಿಗೆ ಗುರುವಾಗಿ ನಿಲ್ಲಿಸಿದನು. ಸ್ವದೇಶಕ್ಕೆ ಮರಳಿ 1797ರಲ್ಲಿ ಅವನು ಪ್ರಕಟಿಸಿದ ವರದಿಯಿಂದ ಈ ಕ್ರಮಕ್ಕೆ ಮದರಾಸ್ ಪದ್ಧತಿ ಎಂದೇ ಹೆಸರಾಗಿ, ಇಂಗ್ಲೆಂಡಿನ ಬಡಮಕ್ಕಳ ಸಾವಿರಾರು ಶಾಲೆಗಳಿಗೆ ಹಬ್ಬಿತು. ತನ್ನ ನಾಡಿನವರು ಅನುಕರಿಸಿದ ಪದ್ಧತಿಯ ಮೂಲವು ಈ ಜಗಲಿಯ ಮೇಲಿದೆಯೆಂಬುದನ್ನು ಬಲ್ಲ ಕ್ಯಾಂಪ್‌ಬೆಲ್ ತನ್ನ ವರದಿಯಲ್ಲಿ ಅದನ್ನು ತುಂಬುಮನಸ್ಸಿನಿಂದ ಮೆಚ್ಚಿದ್ದಾನೆ.

ಮೆಚ್ಚಿಕೆಯಷ್ಟೇ ಅಲ್ಲ, ಟೀಕೆಯೂ ಇತ್ತು. ಓದಿಸುವ ಪುಸ್ತಕಗಳೆಲ್ಲ ಪದ್ಯದಲ್ಲಿದ್ದವು, ಹಳೆಯ ನುಡಿಯಲ್ಲಿದ್ದವು. ಹುಡುಗನು ಗಿಳಿಯಂತೆ ಒಪ್ಪಿಸುವನೇ ಹೊರತು ಅರ್ಥವನ್ನರಿಯನು. ಅನೇಕ ವೇಳೆ ಐಗಳಿಗೂ ಅರ್ಥ ತಿಳಿಯದು. ಕೈಬರಹದ ಪ್ರತಿಗಳಲ್ಲಿ ತಪ್ಪುಗಳ ಮೇಲೆ ತಪ್ಪು. ಅರ್ಥ ಹೇಳಿಕೊಡಬಲ್ಲ ಗುರುವಿಗೆ ತೆರುವಷ್ಟು ಶಕ್ತಿ ತಂದೆತಾಯಿಗಳಿಗಿಲ್ಲ. ಅಕ್ಷರ ಕಲಿಯುವಾಗ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದರೆ ಅರ್ಧ ರೂಪಾಯಿ. ಕಾಲು ರೂಪಾಯಿಯ ಹನ್ನೆರಡು ಹುಡುಗರಿದ್ದರೆ ಐಗಳ ತಿಂಗಳ ವರಮಾನ ಮೂರು ರೂಪಾಯಿ!

ಕ್ಯಾಂಪ್‌ಬೆಲ್ ಅಲ್ಲಿಗೆ ನಿಲ್ಲದೆ, ಶಾಲೆಗಳು ಏಕೆ ಕ್ಷೀಣಿಸುತ್ತಿವೆ ಎಂದು ಕೇಳಿದನು. ಉತ್ತರವನ್ನು ತನ್ನ ಸರ್ಕಾರದ ಕಡೆಗೇ ತಿರುಗಿಸಿದನು. ಯೂರೋಪಿನ ಹತ್ತಿಬಟ್ಟೆ ಬಂದು ನೇಕಾರರ ಕಸುಬು ಬಿದ್ದಿತು. ಹಿಂದಿನ ಅರಸರೂ ಅಧಿಕಾರಿಗಳೂ ನಾಡಿನಲ್ಲೇ ಖರ್ಚು ಮಾಡುತ್ತಿದ್ದ ಹಣವು ಈಗ ಹೊರಗೆ ಹರಿಯುತ್ತಿದೆ. ಮೊದಲು ವಿದ್ಯೆಗೆ ದೊರೆಯುತ್ತಿದ್ದ ದತ್ತಿಗಳು ನಿಂತುಹೋಗಿವೆ. ಜಿಲ್ಲೆಯ ಒಂದು ಶಾಲೆಗೂ ಸರ್ಕಾರದಿಂದ ಕಾಸಿಲ್ಲ. ಹಿಂದೆ ಶಾಲೆಯಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ. ಕಂಪನಿಯ ನೌಕರನೊಬ್ಬನು ಕಂಪನಿಯ ಮೇಲಧಿಕಾರಿಗಳಿಗೇ ಹೀಗೆ ಬರೆದುದು ಸಣ್ಣ ಧೈರ್ಯವಲ್ಲ. ಇಂಥ ಮಾತನ್ನು ಕೇಳಿಸಿಕೊಳ್ಳುವ ಗವರ್ನರನು ಮೇಲೆ ಇದ್ದನೆಂಬುದೂ ಅದಕ್ಕೆ ಕಾರಣವಾಗಿರಬಹುದು.

ಎಲ್ಲ ಜಿಲ್ಲೆಗಳ ಉತ್ತರಗಳನ್ನೂ ಮುಂದಿಟ್ಟುಕೊಂಡು 1826ರ ಮಾರ್ಚ್ 10ರಂದು ಮನ್ರೋ ತನ್ನ ನಿರ್ಣಯವನ್ನು ಬರೆದನು. ಪ್ರಾಂತದ ಜನಸಂಖ್ಯೆ 1,28,50,941, ಶಾಲೆಗಳು 12,498, ವಿದ್ಯಾರ್ಥಿಗಳು 1,88,650. ಇವರಲ್ಲಿ ಹೆಣ್ಣುಮಕ್ಕಳು 4,540. ಸರಾಸರಿ 67 ಜನರಿಗೆ ಒಬ್ಬ ವಿದ್ಯಾರ್ಥಿ. ಬಳ್ಳಾರಿಯ ಪ್ರಮಾಣವೋ ಇದರ ಅರ್ಧಕ್ಕಿಂತ ಕಡಿಮೆ, ಸುಮಾರು 140ಕ್ಕೆ ಒಬ್ಬ. ಆದರೆ ಹೊಲ ಅಳೆದವನಿಗೆ ಅಂಕಿಯನ್ನು ಬಗೆದು ನೋಡುವ ಅಭ್ಯಾಸವಿತ್ತು. ಗಂಡುಮಕ್ಕಳಲ್ಲಿ ಐದರಿಂದ ಹತ್ತು ವರ್ಷದವರನ್ನು ಮಾತ್ರ ತೆಗೆದುಕೊಂಡರೆ ಅವರು ಸುಮಾರು 7,13,000. ಅವರಲ್ಲಿ ಶಾಲೆಗೆ ಹೋಗುವವರು ನಾಲ್ಕರಲ್ಲಿ ಒಂದು ಪಾಲಿಗೆ ತುಸು ಹೆಚ್ಚು. ಮನೆಯಲ್ಲಿ ಕಲಿಯುವವರನ್ನೂ ಸೇರಿಸಿದರೆ ಮೂರರಲ್ಲಿ ಒಂದಕ್ಕೆ ಸಮೀಪ. ತನ್ನ ನಾಡಿಗೆ ಹೋಲಿಸಿದರೆ ಇದು ಕಡಿಮೆ, ಆದರೆ ಯೂರೋಪಿನ ಅನೇಕ ದೇಶಗಳಲ್ಲಿ ತೀರ ಹಿಂದಿನದಲ್ಲದ ಕಾಲದಲ್ಲಿದ್ದುದಕ್ಕಿಂತ ಹೆಚ್ಚು ಎಂದು ಅವನು ನಿಷ್ಪಕ್ಷಪಾತವಾಗಿ ತೂಗಿದನು.

ರೋಗವೆಲ್ಲಿದೆಯೆಂದು ಅವನು ಗುರುತಿಸಿದುದು ಉಪಾಧ್ಯಾಯನಲ್ಲಿ. ಅದೂ ಅವನ ದೋಷದಲ್ಲಿ ಅಲ್ಲ, ಅವನ ಸಂಪಾದನೆಯಲ್ಲಿ. ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಗಳಿಸಲಾಗದ ವೃತ್ತಿಗೆ ಯೋಗ್ಯರಾದವರು ಏಕೆ ಬಂದಾರು? ಆದುದರಿಂದ ಮಠಗಳನ್ನು ಮುಚ್ಚುವುದೂ ಬೇಡ, ಒಮ್ಮೆಗೇ ಬದಲಾಯಿಸುವುದೂ ಬೇಡ. ಮೊದಲು ಉಪಾಧ್ಯಾಯರನ್ನು ತಯಾರು ಮಾಡೋಣ ಎಂಬುದು ಅವನ ಯೋಜನೆ. ಮದರಾಸಿನಲ್ಲಿ ಉಪಾಧ್ಯಾಯರ ಶಿಕ್ಷಣಕ್ಕಾಗಿ ಒಂದು ಕೇಂದ್ರ ಶಾಲೆ. ಜಿಲ್ಲೆ ಜಿಲ್ಲೆಯಿಂದ ಒಬ್ಬ ಹಿಂದೂ, ಒಬ್ಬ ಮುಸಲ್ಮಾನನನ್ನು ಅಲ್ಲಿಗೆ ಕಳುಹಿಸಿ, ಅವರು ಕಲಿತು ಬಂದು ಜಿಲ್ಲೆಯ ಶಾಲೆಯನ್ನು ನಡೆಸಬೇಕು. ಹೀಗೆ ಒಟ್ಟು 40 ಜಿಲ್ಲಾ ಶಾಲೆಗಳು, ಅವುಗಳ ಕೆಳಗೆ 300 ತಹಶೀಲ್ ಶಾಲೆಗಳು. ಜಿಲ್ಲಾ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಹಶೀಲಿನವನಿಗೆ 9. ಸಂಬಳವು ಅಲ್ಪವೆಂದು ಅವನಿಗೂ ಗೊತ್ತಿತ್ತು; ಮಕ್ಕಳ ಶುಲ್ಕ ಬೇರೆ ಬರುವುದರಿಂದ ಜೀವನ ಸಾಗೀತೆಂಬ ಲೆಕ್ಕ. ಮುದ್ರಿತ ಪಠ್ಯಗಳಿಗಾಗಿ ಮದರಾಸಿನ ಶಾಲಾ ಪುಸ್ತಕ ಸಂಘಕ್ಕೆ ತಿಂಗಳಿಗೆ 700 ರೂಪಾಯಿ. ಎಲ್ಲ ಸೇರಿ ವರ್ಷಕ್ಕೆ 48,000 ರೂಪಾಯಿ. ಒಂದು ಕೋಟಿ ಇಪ್ಪತ್ತೆಂಟು ಲಕ್ಷ ಜನರ ವಿದ್ಯೆಗೆ ಇಷ್ಟನ್ನು ಕೇಳಲು ಗವರ್ನರನು ಸಮುದ್ರದಾಚೆಯ ನಿರ್ದೇಶಕರ ಮುಂದೆ ಅರ್ಜಿ ಹಿಡಿಯಬೇಕಾಗಿತ್ತು.

ಈ ಯೋಜನೆಯಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಹೆಣ್ಣುಮಕ್ಕಳಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಬಳ್ಳಾರಿಯ 533 ಮಠಗಳ ಐಗಳಲ್ಲಿ ಬಹುಪಾಲು ಜನಕ್ಕೆ ಅದರಿಂದ ನೇರವಾಗಿ ಒಂದು ಬಿಡಿಗಾಸೂ ಬರುವಂತಿರಲಿಲ್ಲ. ಆದರೂ ಕಟ್ಟಡಕ್ಕೂ ಪುಸ್ತಕಕ್ಕೂ ಮೊದಲು, ಕಲಿಸುವವನ ಸಿದ್ಧತೆ ಎಂಬ ಕ್ರಮವನ್ನು ಅವನು ಹಿಡಿದನು. ಇಂದು ಅಂಗನವಾಡಿಗಳಿಗೂ ಪ್ರಾಥಮಿಕ ಶಾಲೆಗಳಿಗೂ ಗಣಕಯಂತ್ರ, ದೂರದರ್ಶನದ ಪರದೆ, ಕೈಗಾತ್ರದ ಟ್ಯಾಬ್ಲೆಟ್ಟುಗಳು ಬರುತ್ತಿರುವ ಕಾಲದಲ್ಲಿ, ಪೆಟ್ಟಿಗೆ ಬಂದಿಳಿದ ಮೇಲೆ ಅದನ್ನು ತೆರೆಯಬಲ್ಲವರನ್ನು ಹುಡುಕುವ ಪ್ರಸಂಗಗಳು ಅಪೂರ್ವವಲ್ಲ. ಉಪಾಧ್ಯಾಯ ಶಿಕ್ಷಣಕ್ಕೆ ಸೇರಿರುವ ಬಳ್ಳಾರಿ, ಸಿರುಗುಪ್ಪಗಳ ತರುಣ ತರುಣಿಯರು ಆ ಪರದೆಯನ್ನು ಹಸುಳೆಯ ಬೆರಳಿಗೆ ಯಾವಾಗ, ಎಷ್ಟು ಹೊತ್ತು ಕೊಡಬೇಕೆಂದು ಚರ್ಚಿಸುವಾಗ, ಇದೇ ನೆಲದಲ್ಲಿ ಮರಳಿನಿಂದ ಹಲಗೆಗೆ, ಹಲಗೆಯಿಂದ ಕಾಗದಕ್ಕೆ ಮಗುವನ್ನು ಏರಿಸುತ್ತಿದ್ದ ಅನುಕ್ರಮವನ್ನು ತಮ್ಮ ಪಠ್ಯದಲ್ಲಿ ಸೇರಿಸಿಕೊಂಡರೆ ಲಾಭವೇ ಹೊರತು ನಷ್ಟವಿಲ್ಲ. ಕಾಗದವು ಐಗಳ ಕೈಗೆ ಎಟುಕುತ್ತಿದ್ದರೂ ಮಗುವಿಗೆ ಅದನ್ನು ಕೊಡುತ್ತಿದ್ದುದು ಬೆರಳು ಪಳಗಿದ ಮೇಲೆಯೇ.

ಮತ್ತೆ ಮನ್ರೋವಿನ ಕತೆಗೆ ಬರೋಣ. ಅದೇ 1826ರಲ್ಲಿ ಕಿರಿಯ ಮಗನ ಅನಾರೋಗ್ಯದ ಕಾರಣ ಪತ್ನಿ ಜೇನ್ ಇಂಗ್ಲೆಂಡಿಗೆ ಹೊರಟಳು. ಬರಿದಾದ ಮನೆಯಲ್ಲಿ ಅವನು ಉಳಿದನು. ಕೆಲಸದಿಂದ ಬಿಡುಗಡೆ ಬೇಡಿ ಹಿಂದೆಯೇ ಬರೆದಿದ್ದರೂ, ಬರ್ಮಾ ಯುದ್ಧದಿಂದಲೂ ಉತ್ತರಾಧಿಕಾರಿಯ ನೇಮಕ ತಡವಾದುದರಿಂದಲೂ ದಿನಗಳು ಮುಂದೆ ಹೋದವು. ಸಾರ್ವಜನಿಕ ಶಿಕ್ಷಣಕ್ಕಾಗಿ ಒಂದು ಸಮಿತಿ ಏರ್ಪಟ್ಟು ಮದರಾಸಿನ ಶಾಲೆಯ ಕೆಲಸ ಆರಂಭವಾಯಿತು. ಊರಿಗೆ ಹೊರಡುವ ಮುನ್ನ ದತ್ತಮಂಡಲಗಳನ್ನು ಕಡೆಯ ಬಾರಿ ನೋಡಬೇಕೆಂದು ಅವನು 1827ರ ಬೇಸಗೆಯ ಕೊನೆಯಲ್ಲಿ ಪ್ರಯಾಣ ಹೊರಟನು. ಆ ವರ್ಷ ದಾರಿಯುದ್ದಕ್ಕೂ ಕಾಲರಾ ಹಬ್ಬಿತ್ತು. ಗುತ್ತಿಯನ್ನು ದಾಟಿ ಪತ್ತಿಕೊಂಡಕ್ಕೆ ಬಂದ ಬಿಡಾರದಲ್ಲಿ ಅವನಿಗೂ ಅದು ತಗುಲಿ, ಜುಲೈ 6ರಂದು ಪ್ರಾಣ ಹೋಯಿತು. ಗುತ್ತಿಯ ದುರ್ಗದ ಬುಡದಲ್ಲಿ ಸಮಾಧಿ ಮಾಡಿದರು. ಕೆಲವು ವರ್ಷಗಳ ಮೇಲೆ ಅಸ್ಥಿಗಳನ್ನು ಮದರಾಸಿನ ಕೋಟೆಯ ಸಂತ ಮೇರಿ ದೇವಾಲಯಕ್ಕೆ ಒಯ್ದರು. ಪತ್ತಿಕೊಂಡದಲ್ಲಿ ಅವನ ಹೆಸರಿನಲ್ಲಿ ಒಂದು ತೋಪು, ಒಂದು ಬಾವಿ. ಗುತ್ತಿಯಲ್ಲಿ ಒಂದು ಛತ್ರ. ಈ ಸೀಮೆಯ ರೈತರು ಗಂಡುಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರೆಂದು ಹೇಳಿಕೆಯುಂಟು.

ನಿರ್ದೇಶಕರು 1828ರಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಅದನ್ನು ಹುಟ್ಟಿಸಿದವನು ಬದುಕಿರಲಿಲ್ಲ. ಕೆಲವು ಜಿಲ್ಲಾ ಶಾಲೆಗಳೂ ತಹಶೀಲ್ ಶಾಲೆಗಳೂ ತೆರೆದವು. 300ರ ಸಂಖ್ಯೆಯನ್ನು ಅವು ಎಂದೂ ಮುಟ್ಟಲಿಲ್ಲ. ಮೆಕಾಲೆಯ ಕಾಲ ಬಂದು, ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೇ ಸಲ್ಲಬೇಕೆಂಬ ವಾದ ಗೆದ್ದ ಮೇಲೆ, 1836ರಲ್ಲಿ ಅವನ್ನೆಲ್ಲ ಒಂದೇ ಆಜ್ಞೆಯಿಂದ ಮುಚ್ಚಿದರು. ಮದರಾಸಿನ ಕೇಂದ್ರ ಸಂಸ್ಥೆಯು ರೂಪಾಂತರ ಹೊಂದುತ್ತ ಮುಂದೆ ಪ್ರೆಸಿಡೆನ್ಸಿ ಕಾಲೇಜಿನ ಮೂಲಗಳಲ್ಲಿ ಒಂದಾಯಿತು; ಹಳ್ಳಿಗೆ ಉಪಾಧ್ಯಾಯನನ್ನು ಕಳುಹಿಸುವ ಕೆಲಸ ನಿಂತುಹೋಯಿತು. ಐಗಳ ಮಠಗಳು ಮಾತ್ರ ಸರ್ಕಾರದ ಕಾಸಿಲ್ಲದೆ, ಮೊದಲಿನಂತೆಯೇ, ಕಾಲು ರೂಪಾಯಿಯ ಶುಲ್ಕದ ಮೇಲೆ, ಆ ಶತಮಾನದ ಕಡೆಯವರೆಗೂ ಜಗಲಿಗಳ ಮೇಲೆ ಮರಳು ಹರಡುತ್ತಲೇ ಇದ್ದವು.